ರಾಷ್ಟ್ರೀಯತೆ ಬೆಳೆದದ್ದು ಸಾಮಾನ್ಯ ಜನರಿಗೆ ಒಳ್ಳೆಯದಾಯಿತೇ?

ಒಂದು ಜನ, ಅವರಿಗೊಂದು ದೇಶ, ಅವರದ್ದೇ ಸರ್ಕಾರ. ಇನ್ನೂರೈವತ್ತು ವರ್ಷಗಳ ಹಿಂದೆ ಹೆಚ್ಚು ಜನ ಕೇಳಿರದ ಈ ವಿಚಾರ ಇವತ್ತು ಇಡೀ ಭೂಪಟವನ್ನು ಆಳುತ್ತಿದೆ. ಇದರಿಂದ ಸಾಮಾನ್ಯ ಜನರಿಗೆ ಲಾಭವಾಯಿತೇ, ನಷ್ಟವಾಯಿತೇ? ಅಂಕೋಲೆಯಿಂದ ಒಬ್ಬರು ಪರವಾಗಿ, ಕಾರವಾರದಿಂದ ಒಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ

1661ರಲ್ಲಿ ಮುಂಬೈ ದ್ವೀಪ ಬಳುವಳಿಯಾಗಿ ಹೋಯಿತು. ಪೋರ್ಚುಗಲ್‌ನ ರಾಜಕುಮಾರಿ, ಇಂಗ್ಲೆಂಡಿನ ರಾಜ. ಮದುವೆಯ ಒಪ್ಪಂದದಲ್ಲಿ ಊರೂ ಸೇರಿತ್ತು. ಅಲ್ಲಿದ್ದ ಮೀನುಗಾರರನ್ನು ಒಂದು ಮಾತು ಕೇಳಿದವರಿಲ್ಲ. ಕೇಳಬೇಕು ಅಂತ ಯಾರಿಗೂ ಅನಿಸಲೂ ಇಲ್ಲ. ನೆಲ ರಾಜನದು, ಜನ ನೆಲದ ಜೊತೆಗೆ ಬಂದವರು. ರಾಷ್ಟ್ರೀಯತೆಯನ್ನು ಬೈಯುವವರು ಅದಕ್ಕೂ ಮುಂಚಿನ ಈ ಲೋಕವನ್ನು ಮರೆತೇಬಿಡುತ್ತಾರೆ.

ಆ ಲೋಕಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು 1789ರ ಫ್ರಾನ್ಸ್. ಆ ವರ್ಷದ ಹಕ್ಕುಗಳ ಘೋಷಣೆಯ ಮೂರನೇ ಕಲಮು, ಎಲ್ಲ ಅಧಿಕಾರದ ಮೂಲ ರಾಷ್ಟ್ರದಲ್ಲಿದೆ ಎಂದಿತು. ಮೂರು ವರ್ಷ ಕಳೆದು, ವಾಲ್ಮಿಯ ರಣರಂಗದಲ್ಲಿ ಫ್ರೆಂಚ್ ಸೈನಿಕರು ರಾಜನಿಗಲ್ಲ, ರಾಷ್ಟ್ರಕ್ಕೆ ಜಯಕಾರ ಹಾಕಿದರು. 1861ರಲ್ಲಿ ಇಟಲಿ, 1871ರಲ್ಲಿ ಜರ್ಮನಿ ಒಂದಾದ ಕಥೆಯನ್ನು ಶಾಲೆಯಲ್ಲೇ ಓದಿದ್ದೇವೆ, ಬಿಡಿ. ಆ ವಿಚಾರ ನಮ್ಮ ಕರಾವಳಿಗೆ ಬಂದಾಗ ಏನು ಮಾಡಿತು? ನನಗೆ ಮುಖ್ಯವಾದದ್ದು ಅದು.

1830–31ರಲ್ಲಿ, ಉತ್ತರ ದಕ್ಷಿಣ ಎಂದು ಇನ್ನೂ ಒಡೆಯದಿದ್ದ ಕನ್ನಡ ಜಿಲ್ಲೆಯಲ್ಲಿ, ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲ ಎಂದರು. ಧೈರ್ಯಕ್ಕೇನೂ ಕಡಿಮೆ ಇರಲಿಲ್ಲ. ಆದರೆ ಜಿಲ್ಲೆಯ ಆಚೆ ಅವರ ಜೊತೆ ನಿಲ್ಲುವವರು ಇರಲಿಲ್ಲ. ಈ ಕಡೆ ರೈತ, ಆ ಕಡೆ ಕಲೆಕ್ಟರ್, ಇಷ್ಟೇ. ಕೂಟಗಳು ಚದುರಿದವು.

ನೂರು ವರ್ಷ ಬಿಟ್ಟು ಅಂಕೋಲೆಯನ್ನು ನೋಡಿ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ದಾಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿ ಆಗ ಒಂದೇ ವಾರವಾಗಿತ್ತು. ಸಮುದ್ರದ ದಡದಲ್ಲಿ ಹುಟ್ಟಿ, ಸಾಣಿಕಟ್ಟಾದ ಉಪ್ಪಿನಾಗರ ನೋಡುತ್ತಾ ಬೆಳೆದವರಿಗೆ ಉಪ್ಪಿನ ತೆರಿಗೆ ಎಂಥ ಅನ್ಯಾಯ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಅದೇ ಅನ್ಯಾಯ ಗುಜರಾತಿನವನಿಗೂ ಬಂಗಾಳದವನಿಗೂ ಆಗುತ್ತಿದೆ, ನಾವೆಲ್ಲ ಒಂದು ಕಡೆ ಎಂಬ ತಿಳಿವಳಿಕೆ ಹೊಸದು. ಅದನ್ನು ತಂದದ್ದು ರಾಷ್ಟ್ರೀಯತೆಯೇ.

ಆಮೇಲೆ ಕರನಿರಾಕರಣೆ. ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯ ನಿಲ್ಲಿಸಿದರು. ಗದ್ದೆ ಜಪ್ತಿಯಾಯಿತು, ತೋಟ ಹರಾಜಾಯಿತು. ಸಿದ್ದಾಪುರದ ಕಡೆಯ ಹೆಂಗಸರು, ಹರಾಜಿನಲ್ಲಿ ಆಸ್ತಿ ಕೊಂಡವರ ಮನೆ ಬಾಗಿಲಲ್ಲಿ ಉಪವಾಸ ಕೂತರು. ಹೊಸ್ತಿಲು ದಾಟಲು ಹತ್ತು ಜನರ ಅಪ್ಪಣೆ ಬೇಕಿದ್ದ ಕಾಲ ಅದು. 1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ, ಜಪ್ತಿಯಾದ ಜಮೀನನ್ನು ವಾಪಸ್ ಕೊಡಿಸಲು ಕಾಯ್ದೆಯೇ ಆಯಿತು. ಕೂಟದ ರೈತನಿಗೆ ಇಂಥ ಬೆನ್ನಾಸರೆ ಇರಲಿಲ್ಲ.

ಚಳವಳಿ ಬ್ರಿಟಿಷರ ಕಡೆಗೆ ಮಾತ್ರ ಬೆರಳು ತೋರಿಸಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಮಾತು ಮಾರಿಕಾಂಬೆಯ ಗುಡಿಯ ಕಡೆ ತಿರುಗಿತು. ಕೋಣನ ಬಲಿ ನಿಲ್ಲಬೇಕು, ದಲಿತರಿಗೆ ಬಾಗಿಲು ತೆರೆಯಬೇಕು. ನಾವೆಲ್ಲ ಒಂದೇ ಜನ ಎಂದು ಒಮ್ಮೆ ಹೇಳಿದ ಮೇಲೆ, ನೀನು ಹೊರಗೆ ನಿಲ್ಲು ಎನ್ನುವುದು ಕಷ್ಟವಾಗುತ್ತದೆ. 1951–52ರ ಮೊದಲ ಮಹಾಚುನಾವಣೆಯಲ್ಲಿ 17 ಕೋಟಿಗೂ ಜಾಸ್ತಿ ಜನರಿಗೆ ಮತದ ಹಕ್ಕು ಸಿಕ್ಕಿತು. ಅದಕ್ಕೂ ಮುಂಚೆ ಮತ ಹಾಕಲು ಆಸ್ತಿ, ತೆರಿಗೆ ಅಥವಾ ಓದು ಬೇಕಿತ್ತು.

ರಾಷ್ಟ್ರ ಎಂಬುದು ಸುಮ್ನೆ ಕಲ್ಪನೆ ಎನ್ನುವವರು ಮುಂಡಗೋಡದ ಟಿಬೆಟಿಯನ್ ಕಾಲೊನಿಗೆ ಹೋಗಿ ಬರಲಿ. 1966ರಿಂದ ಅವರು ಅಲ್ಲಿದ್ದಾರೆ. ಹೊಲ ಮಾಡಿದರು, ಮಠ ಕಟ್ಟಿದರು, ಕನ್ನಡ ಕಲಿತರು. ಆದರೂ ಮಾರ್ಚ್ 10 ಬಂತೆಂದರೆ 1959ರ ಲಾಸಾದ ದಂಗೆಯನ್ನು ನೆನೆಯುತ್ತಾರೆ. ಅವರೆದುರು ನಿಂತು, ನಿಮ್ಮ ದೇಶದ ಆಸೆ ಬಿಟ್ಟುಬಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ವಿರೋಧ

ಅಂಕೋಲೆಯ ಉಪ್ಪಿಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಅನ್ಯಾಯದ ಎದುರು ನಿಲ್ಲಲು ರಾಷ್ಟ್ರೀಯತೆ ಬೇಕೇ ಬೇಕು ಎನ್ನುವುದು ಒಪ್ಪುವ ಮಾತಲ್ಲ. 1830ರ ಕೂಟವೇ ಅದಕ್ಕೆ ಸಾಕ್ಷಿ ಅಲ್ವಾ? ಇನ್ನು ಶಿರಸಿಯ ಗುಡಿಯ ಬಾಗಿಲು. ಅದನ್ನು ತೆರೆಸಿದ್ದು ಸಮಾನತೆಯ ವಿಚಾರ. ಅದು ರಾಷ್ಟ್ರೀಯತೆಯ ಜೊತೆ ನಮ್ಮಲ್ಲಿ ಕೂಡಿಬಂತು, ನಮ್ಮ ಪುಣ್ಯ. ಬೇರೆ ಕಡೆ ಹಾಗಾಗಲಿಲ್ಲ.

ಒಂದು ಜನ ಎನ್ನುತ್ತೀರಿ. ಅದರಲ್ಲಿ ಯಾರು ಸೇರಿದರು, ಯಾರು ಇಲ್ಲ? ಇಟಲಿ ಒಂದಾದಾಗ ಅಲ್ಲಿ ಇಟಾಲಿಯನ್ ಮಾತಾಡುತ್ತಿದ್ದವರು ನೂರಕ್ಕೆ ಎರಡು ಮೂರು ಜನ ಎಂದು ಭಾಷಾಪಂಡಿತರೊಬ್ಬರು ಅಂದಾಜು ಮಾಡಿದ್ದಾರೆ. ಉಳಿದವರು ತಮ್ಮ ತಮ್ಮ ಊರಿನ ನುಡಿ ಆಡುತ್ತಿದ್ದರು. ಶಾಲೆ, ಸೈನ್ಯ, ಪತ್ರಿಕೆ ಸೇರಿ ಆಮೇಲೆ ಒಂದೇ ಜನವನ್ನು ತಯಾರು ಮಾಡಿದವು. ತಯಾರು ಮಾಡುವಾಗ ಅಳತೆಗೆ ಹೊಂದದವರ ಗತಿ ಏನು?

1923ರ ಲೋಸಾನ್ ಒಪ್ಪಂದ ಅದನ್ನು ತೋರಿಸುತ್ತದೆ. ಗ್ರೀಸ್ ಮತ್ತು ಟರ್ಕಿ ತಮ್ಮ ಜನರನ್ನು ಅದಲುಬದಲು ಮಾಡಿಕೊಂಡವು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿನ ಪಾಲಿಗೆ, ಮೂರೂವರೆ ಲಕ್ಷಕ್ಕೂ ಜಾಸ್ತಿ ಮುಸ್ಲಿಮರು ಟರ್ಕಿಯ ಪಾಲಿಗೆ. ಅವರಲ್ಲಿ ಟರ್ಕಿಶ್ ಬಿಟ್ಟು ಬೇರೆ ಮಾತು ಬಾರದ ಕ್ರೈಸ್ತರಿದ್ದರು. ಗ್ರೀಕ್ ಮಾತ್ರ ಬರುತ್ತಿದ್ದ ಕ್ರೀಟ್ ದ್ವೀಪದ ಮುಸ್ಲಿಮರಿದ್ದರು. ಅಜ್ಜನ ಊರು ಬಿಟ್ಟು, ಮಾತೇ ಅರ್ಥವಾಗದ ಊರಿಗೆ ಹೋದರು. ಅವರ ಸ್ವಂತ ದೇಶ ಅದು ಎಂದು ಎರಡೂ ಸರ್ಕಾರಗಳು ಹೇಳಿದವು. ಇನ್ನು 1947ರಲ್ಲಿ ಪಂಜಾಬಿನಲ್ಲಿ, ಬಂಗಾಳದಲ್ಲಿ ಆದದ್ದನ್ನು ನಾನು ಹೇಳಬೇಕಿಲ್ಲ.

ಕಾರವಾರದವರಿಗೆ ಇದು ದೂರದ ಕಥೆಯಲ್ಲ. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಪೇಟೆಯಲ್ಲಿ ಎರಡೂ, ಹಿಂದಿನವರ ಶಾಲೆಯಲ್ಲಿ ಮರಾಠಿ. ನಮಗೆ ಇದರಲ್ಲಿ ಏನೂ ತೊಡಕು ಕಂಡಿರಲಿಲ್ಲ. ಭಾಷೆಯ ಹೆಸರಿನ ರಾಷ್ಟ್ರೀಯತೆ ಬಂದು, ನೀವು ಯಾರ ಕಡೆ ಎಂದು ಕೇಳಿತು. ಕೊಂಕಣಿ ಮರಾಠಿಯದೇ ಒಂದು ಬಗೆ, ಹಾಗಾಗಿ ಈ ಊರು ನಮಗೆ ಬರಬೇಕು ಎಂದು ಮಹಾರಾಷ್ಟ್ರ ವಾದಿಸಿತು. 1967ರಲ್ಲಿ, ಗಡಿ ತಂಟೆ ಬಗೆಹರಿಸಲು ನೇಮಿಸಿದ್ದ ಮಹಾಜನ ಆಯೋಗ ಅದನ್ನು ಒಪ್ಪಲಿಲ್ಲ. ಆದರೂ ಎರಡು ಮಾತಿನ ನಡುವೆ ಹಾಯಾಗಿ ಬದುಕುವುದೇ ತಪ್ಪೇನೋ ಎಂಬ ಅಳುಕು ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿತು.

ನೌಕಾನೆಲೆಯ ಮಾತು ತೆಗೆದರೆ ಇಲ್ಲಿ ಕೆಲವರಿಗೆ ಇರುಸುಮುರುಸಾಗುತ್ತದೆ. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆಯ ಕರಾವಳಿಯಲ್ಲಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಬೀಸುವ ದಡ ಬಿಟ್ಟು ಎದ್ದವು. ದೇಶಕ್ಕೆ ನೌಕಾನೆಲೆ ಬೇಕು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಸರಿಯಾದ ಪರಿಹಾರಕ್ಕಾಗಿ ಜನ ದಶಕಗಟ್ಟಲೆ ಕೋರ್ಟು ಕಚೇರಿ ಅಲೆದರು. ದೇಶಕ್ಕಾಗಿ ಇಷ್ಟೂ ಮಾಡಲಾರಿರಾ ಎಂದರೆ ಮೀನುಗಾರ ಏನು ಉತ್ತರ ಕೊಡಬೇಕು? ಬೇರೆ ಯಾವ ಮಾತೂ ಹಕ್ಕಿನ ಪ್ರಶ್ನೆಯನ್ನು ಇಷ್ಟು ಬೇಗ ಬಾಯಿ ಮುಚ್ಚಿಸುವುದಿಲ್ಲ.

ನಮ್ಮ ಕಡಲತಡಿಗೆ ಹೆಸರಿಟ್ಟಿದ್ದೇವಲ್ಲ, ಆ ರವೀಂದ್ರನಾಥ ಟ್ಯಾಗೋರರು ಹರೆಯದಲ್ಲಿ ಇಲ್ಲಿ ಉಳಿದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರು. ಮುಂದೆ 1905ರಲ್ಲಿ ಬಂಗಾಳ ಒಡೆದಾಗ ಹಿಂದೂ ಮುಸ್ಲಿಮರ ಕೈಗೆ ರಾಖಿ ಕಟ್ಟಿಸಿ ಬೀದಿಗಿಳಿದವರು ಅವರು. ಜಲಿಯನ್‌ವಾಲಾಬಾಗ್ ಆದಾಗ ಬ್ರಿಟಿಷರ ಪದವಿಯನ್ನು ಬೇಡ ಎಂದವರು. ದೇಶದ ಮೇಲಿನ ಪ್ರೀತಿಯಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಅಂಥವರೇ 1916ರಲ್ಲಿ ಜಪಾನಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಿ ರಾಷ್ಟ್ರೀಯತೆಯ ವಿರುದ್ಧ ಭಾಷಣ ಮಾಡಿದರು. ಮನುಷ್ಯರನ್ನು ಯಂತ್ರದ ಬಿಡಿಭಾಗ ಮಾಡುವ ಶಕ್ತಿ ಅದು ಎಂದು ಎಚ್ಚರಿಸಿದರು. ಆಗ ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಸುಮಾರು 90 ಲಕ್ಷ ಸೈನಿಕರು ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಹಳ್ಳಿಯ, ಕಾರ್ಖಾನೆಯ ಹುಡುಗರು.

ಜನರನ್ನು ಕೇಳದ ಕಾಲ ಹೋಯಿತು ಎಂದು ಅಂಕೋಲೆಯ ಲೇಖಕರು ಮುಂಬೈ ದ್ವೀಪದ ಮಾತು ಎತ್ತಿದ್ದಾರೆ. ಹಾಗಾದರೆ ರಾಷ್ಟ್ರೀಯತೆ ಎಷ್ಟು ಸಲ ಕೇಳಿದೆ? ನಮ್ಮ ಪಕ್ಕದ ಗೋವಾದಲ್ಲಿ ಕೇಳಿತು. 1967ರ ಜನವರಿಯಲ್ಲಿ, ಮಹಾರಾಷ್ಟ್ರಕ್ಕೆ ಸೇರುವಿರಾ ಎಂದು ಮತ ಹಾಕಿಸಿದರು. ಗೋವಾದವರು ಬೇಡ ಎಂದರು, ಆ ಮಾತು ನಡೆಯಿತು. ಅದೇ ವರ್ಷ ಕಾರವಾರದ ಬಗ್ಗೆ ಆಯೋಗ ತೀರ್ಮಾನ ಹೇಳಿತು. ಫಲ ಸರಿಯಾಗಿಯೇ ಬಂತು ಎಂದು ನನ್ನ ನಂಬಿಕೆ. ಆದರೆ ಗೋವಾದವರ ಕೈಗೆ ಬಂದಂಥ ಮತಚೀಟಿ ಕಾಳಿ ನದಿಯ ಎರಡು ದಡದ ಜನರ ಕೈಗೆ ಬರಲಿಲ್ಲ.