ಫ್ಯಾನಿನ ರೆಕ್ಕೆಯ ಮೇಲಿನ ಧೂಳು

ಸದಾ ತಿರುಗುವ ಫ್ಯಾನಿಗೂ ಧೂಳು ಹತ್ತುತ್ತದೆ, ಅದೂ ಗಾಳಿಯನ್ನು ಎದುರಿಸುವ ಅಂಚಿಗೇ ಹೆಚ್ಚು. ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗಿದರೆ, ನಡುವಿನಿಂದ 60 ಸೆಂ.ಮೀ. ದೂರದ ರೆಕ್ಕೆತುದಿ ಸೆಕೆಂಡಿಗೆ ಸುಮಾರು 19 ಮೀಟರ್ ಓಡುತ್ತದೆ. ಅಲ್ಲಿ ಕೂತ ಕಣವನ್ನು ಅದರ ತೂಕದ 60 ಪಟ್ಟು ಬಲ ಹೊರಕ್ಕೆ ಸೆಳೆಯುತ್ತದೆ. ಆದರೂ ಅದು ಜಪ್ಪಯ್ಯ ಎಂದರೂ ಕದಲದು.

ಗುಟ್ಟು ಗಾತ್ರದಲ್ಲಿದೆ. ಕಣದ ವ್ಯಾಸ ಹತ್ತು ಪಟ್ಟಾದರೆ ಅದನ್ನು ಅಂಟಿಸಿಡುವ ವ್ಯಾನ್ ಡರ್ ವಾಲ್ಸ್ ಬಲವೂ (ತೀರ ಹತ್ತಿರವಿರುವ ಅಣುಗಳ ನಡುವಿನ ಸೆಳೆತ) ಹತ್ತು ಪಟ್ಟಾಗುತ್ತದೆ, ತೂಕ ಮಾತ್ರ ಸಾವಿರ ಪಟ್ಟು. ಹಾಗಾಗಿ 10 ಮೈಕ್ರೋಮೀಟರಿನ ಕಣಕ್ಕೆ ತೂಕವೆನ್ನುವುದು ಲೆಕ್ಕಕ್ಕೇ ಇಲ್ಲ. ಗಾಳಿಯೂ ಅದನ್ನು ಮುಟ್ಟದು. ರೆಕ್ಕೆಗೆ ತೀರ ಹತ್ತಿರದ ಗಾಳಿ ರೆಕ್ಕೆಯ ಜೊತೆಗೇ ಸಾಗುತ್ತಿರುತ್ತದೆ.

ಮೊದಲು ಕೂತವು ಮುಂದಿನವಕ್ಕೆ ಬಲೆಯಾಗುತ್ತವೆ. ಹೊರಚಾಚಿದ ಕಣವೇ ಹೊಸಬರಿಗೆ ಮೊದಲು ಸಿಗುವುದರಿಂದ ಗುಂಪು ಒತ್ತಾಗಿ ತುಂಬಿಕೊಳ್ಳದೆ ಕವಲೊಡೆಯುತ್ತ ಬೆಳೆಯುತ್ತದೆ. 1981ರಲ್ಲಿ ಭೌತವಿಜ್ಞಾನಿಗಳಾದ ವಿಟ್ಟನ್ ಮತ್ತು ಸ್ಯಾಂಡರ್ ಗೊತ್ತುಗುರಿಯಿಲ್ಲದೆ ಅಲೆವ ಕಣಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಅಂಟಿಸಿದಾಗ ಮೂಡಿದ್ದೂ ಇಂಥ ಟೊಳ್ಳು ಪೊದೆಯೇ. ರೆಕ್ಕೆಯ ಮೇಲೆ ಬಟ್ಟೆಯ ನೂಲೆಳೆಗಳೂ ಸೇರಿ ಹೆಣೆದುಕೊಳ್ಳುವುದರಿಂದ ಪೊದೆ ಇನ್ನಷ್ಟು ಗಟ್ಟಿ.

ಬೆಳೆದದ್ದೇ ಅದಕ್ಕೆ ಮುಳುವು. ತೂಕವೆಲ್ಲ ಬುಡದ ಕೆಲವೇ ಕಣಗಳ ಮೇಲೆ ಬೀಳುತ್ತದೆ, ತಲೆ ವೇಗದ ಗಾಳಿಗೆ ಒಡ್ಡಿಕೊಳ್ಳುತ್ತದೆ. ಒಂಟಿ ಕಣವನ್ನು ಕದಲಿಸಲಾಗದ ಫ್ಯಾನು ಉಂಡೆಯನ್ನು ಸಲೀಸಾಗಿ ಕೀಳುತ್ತದೆ, ಸಾಮಾನ್ಯವಾಗಿ ಎಲ್ಲಿ ಕವಲು ಸಣ್ಣದೋ ಅಲ್ಲಿಂದ. ಉಳಿದ ಬುಡದ ಮೇಲೆ ಮತ್ತೆ ಚಿಗುರು! ಬಹಳ ದಿನ ನಿಂತಿದ್ದ ಫ್ಯಾನು ಹಾಕಿದೊಡನೆ ತಲೆ ಮೇಲೆ ಉದುರುವುದು ಇಂಥ ಉಂಡೆಗಳೇ.

ಒರೆಸುವಾಗ ಒಣಬಟ್ಟೆ ಕೆಟ್ಟ ಆಯ್ಕೆ. ಪ್ಲಾಸ್ಟಿಕ್ ರೆಕ್ಕೆಯಾದರಂತೂ ಉಜ್ಜಾಟಕ್ಕೆ ವಿದ್ಯುದಾವೇಶ ಹುಟ್ಟಿ, ಹಾರಿದ ಧೂಳು ಮರಳಿ ಬರುತ್ತದೆ. ಫ್ಯಾನು ನಿಲ್ಲಿಸಿ, ಹಳೆಯ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ ಹೊರಕ್ಕೆ ಎಳೆದರೆ ಉಂಡೆಗಳು ಒಳಗೇ ಬೀಳುತ್ತವೆ. ಉಳಿದ ಸಣ್ಣ ಕಣಗಳಿಗೆ ಹಿಂಡಿದ ಒದ್ದೆಬಟ್ಟೆ ಬೇಕು; ನೀರು ನಡುವೆ ನುಸುಳಿ ಹಿಡಿತ ಸಡಿಲಿಸುತ್ತದೆ. ನೀರು ತೊಟ್ಟಿಕ್ಕುತ್ತಿದ್ದರೆ ಮಾತ್ರ ಕೆಸರಾಗಿ, ಒಣಗಿದ ಮೇಲೆ ಕರಗಿದ್ದ ಲವಣವೇ ಕಣಗಳ ನಡುವೆ ಗಾರೆಯಾಗುತ್ತದೆ. ಅಡುಗೆಮನೆಯ ಫ್ಯಾನಿನ ಜಿಡ್ಡಿಗೆ ಬರೀ ನೀರು ಸಾಲದು, ಸೋಪಿನ ನೀರೇ ಬೇಕು.