ಸತ್ಯಾಂಶ: ಸಾಂಪ್ರದಾಯಿಕ ತಳಿಗಳೆಲ್ಲ ನಿರಪಾಯಕಾರಿಯೇ?

‘ಕುಲಾಂತರಿ (ಪ್ರಯೋಗಾಲಯದಲ್ಲಿ ಜೀನ್ ಸೇರಿಸಿ ಅಥವಾ ಮಾರ್ಪಡಿಸಿ ರೂಪಿಸಿದ) ಬೆಳೆಗಳೆಲ್ಲ ವಿಷ, ಸಾಂಪ್ರದಾಯಿಕ ಸಂಕರಣದಿಂದ ಬಂದ ತಳಿಗಳಿಂದ ಯಾವ ಅಪಾಯವೂ ಇಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ಸರಿಯಲ್ಲ.

1967ರಲ್ಲಿ ಅಮೆರಿಕದಲ್ಲಿ ‘ಲೆನಾಪಿ’ ಎಂಬ ಆಲೂಗಡ್ಡೆ ತಳಿ ಬಿಡುಗಡೆಯಾಯಿತು. ಚಿಪ್ಸ್‌ಗೆ ಹೇಳಿಮಾಡಿಸಿದಂತಿದ್ದ ಈ ತಳಿಯನ್ನು ಕಾಡು ಆಲೂಗಡ್ಡೆಯೊಂದರ ಸಂಕರಣದಿಂದ, ಸಂಪೂರ್ಣ ಸಾಂಪ್ರದಾಯಿಕ ವಿಧಾನದಲ್ಲಿಯೇ ರೂಪಿಸಲಾಗಿತ್ತು. ಆದರೆ ಅದರಲ್ಲಿ ಸೋಲನಿನ್ ಮೊದಲಾದ ವಿಷಕಾರಿ ಆಲ್ಕಲಾಯ್ಡ್‌ಗಳ ಪ್ರಮಾಣ ಮಿತಿಮೀರಿದ್ದುದು ಪತ್ತೆಯಾದ ಕಾರಣ 1970ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಸಂಕರಣದಲ್ಲಿ ಸಾವಿರಾರು ಜೀನ್‌ಗಳು ಒಟ್ಟಿಗೆ ಬೆರೆಯುವುದರಿಂದ, ಬೇಕಾದ ಗುಣದ ಜೊತೆಗೆ ಬೇಡದ್ದೂ ಬರುವುದು ಅಸಂಭವವೇನಲ್ಲ.

ಕುಲಾಂತರಿ ವಿಧಾನದಲ್ಲೂ ಎಡವಟ್ಟು ಸಾಧ್ಯ. ಪಶು ಆಹಾರವನ್ನು ಪೌಷ್ಟಿಕಗೊಳಿಸಲೆಂದು ‘ಬ್ರೆಜಿಲ್ ನಟ್’ ಎಂಬ ತಿನ್ನುವ ಬೀಜದ ಜೀನ್ ಸೇರಿಸಿ ಸೋಯಾಬೀನ್ ತಳಿಯೊಂದನ್ನು ರೂಪಿಸಿದಾಗ, ಆ ಬೀಜಕ್ಕೆ ಅಲರ್ಜಿಯಿರುವವರ ರಕ್ತವನ್ನು ಬಳಸಿದ ಪರೀಕ್ಷೆಯಲ್ಲಿ ಅಪಾಯ ಕಂಡುಬಂದು, ಮಾರುಕಟ್ಟೆಗೆ ಬರುವ ಮೊದಲೇ ಅದನ್ನು ಕೈಬಿಡಲಾಯಿತು. ಲೆನಾಪಿಯ ದೋಷ ಗೊತ್ತಾದದ್ದು ಬಿಡುಗಡೆಯ ನಂತರ ಎಂಬುದು ಗಮನಾರ್ಹ.

ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರವು ಸಾಮಾನ್ಯ ಆಹಾರಕ್ಕಿಂತ ಹೆಚ್ಚು ಅಪಾಯಕಾರಿ ಎನ್ನಲು ಆಧಾರ ಸಿಗಲಿಲ್ಲವೆಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2016ರ ವರದಿ ಹೇಳಿತು. ಹಾಗೆಂದು ಮುಂದೆ ಬರುವ ಪ್ರತಿಯೊಂದು ತಳಿಗೂ ಅದು ಮುಂಗಡ ಪ್ರಮಾಣಪತ್ರವಲ್ಲ. ಬೀಜದ ಬೆಲೆ, ಕಂಪನಿಗಳ ಹಿಡಿತ ಇವೆಲ್ಲ ನ್ಯಾಯವಾದ ತಕರಾರುಗಳೇ ಆದರೂ, ಆಹಾರ ವಿಷಕಾರಿಯೇ ಎಂಬ ಪ್ರಶ್ನೆಗೆ ಅವು ಉತ್ತರವಾಗುವುದಿಲ್ಲ.