ಸೋತರೂ ದೊಡ್ಡವರ ಕೈಲೇ ಸೋಲಬೇಕು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಚಾಂಪಿಯನ್ ಆಗಬೇಕಾದರೆ ಆಟ ಬರಬೇಕು. ಅದು ಎಲ್ಲರ ಕೈಲಾಗುವ ಕೆಲಸವಲ್ಲ, ಬಿಡಿ. ‘ಬಬಲ್’ ತಂಡ ಆಗುವುದಕ್ಕೆ ಅಷ್ಟೆಲ್ಲ ಕಷ್ಟಪಡಬೇಕಿಲ್ಲ. ವರ್ಷದ ಕೊನೆಯ ದೊಡ್ಡ ಟೂರ್ನಿಗೆ ಕರೆಯಲೇಬೇಕು ಎನ್ನುವಷ್ಟು ಒಳ್ಳೆಯ ತಂಡವಾಗಿರಬಾರದು, ಬೇಡವೇ ಬೇಡ ಎನ್ನುವಷ್ಟು ಕೆಟ್ಟದ್ದೂ ಆಗಿರಬಾರದು. ಹೀಗೆ ನೀರಿನ ಗುಳ್ಳೆಯ ಹಾಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಒಡೆಯದೆ ತೇಲಿದರೆ ಸಾಕು. ಅದಕ್ಕೆ ಬೇಕಾದದ್ದು ಆಟವಲ್ಲ, ಲೆಕ್ಕ.

ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಆ ಪುರುಷರ ಟೂರ್ನಿ 1939ರಲ್ಲಿ ಎಂಟೇ ತಂಡಗಳಿಂದ ಶುರುವಾಯಿತು. 1985ಕ್ಕೆ 64 ಆಯಿತು, 2011ಕ್ಕೆ 68. 2025ರ ಲೆಕ್ಕ ಹಿಡಿದರೆ, 31 ತಂಡಗಳು ತಂತಮ್ಮ ಕಾನ್ಫರೆನ್ಸ್ (ಒಟ್ಟಿಗೆ ಆಡುವ ಕಾಲೇಜುಗಳ ಗುಂಪು) ಗೆದ್ದು ಹಕ್ಕಿನಿಂದ ಒಳಗೆ ಬಂದವು. ಉಳಿದ 37 ಜಾಗಗಳನ್ನು ಕಾಲೇಜುಗಳ ಕ್ರೀಡಾ ನಿರ್ದೇಶಕರು, ಕಾನ್ಫರೆನ್ಸ್ ಕಮಿಷನರ್‌ಗಳು ಸೇರಿ ಹನ್ನೆರಡು ಜನ ಕೂತು ಹಂಚಿದರು. ಅದರಲ್ಲಿ ಮುಕ್ಕಾಲು ಪಾಲಿನ ಬಗ್ಗೆ ಯಾರದ್ದೂ ತಕರಾರಿಲ್ಲ. ಕೂಗಾಟವೆಲ್ಲ ಕೊನೇ ಪಂಕ್ತಿಯ ಕೊನೇ ನಾಲ್ಕು ಎಲೆಗೆ.

ಆ ನಾಲ್ಕು ಎಲೆಯಲ್ಲಿ ಕೂತವರಿಗೂ ಕೂಡಲೇ ಊಟ ಬಡಿಸುವುದಿಲ್ಲ. ಒಹಾಯೊ ರಾಜ್ಯದ ಡೇಟನ್‌ಗೆ ಹೋಗಿ, ಮಂಗಳವಾರವೋ ಬುಧವಾರವೋ ಇನ್ನೊಂದು ಪಂದ್ಯ ಆಡಿ ಗೆದ್ದ ಮೇಲೆಯೇ ನಿಜವಾದ 64ರ ಸಾಲು. ಇದರ ಹೆಸರು ‘ಫಸ್ಟ್ ಫೋರ್’. 2011ರಿಂದ 2015ರವರೆಗೆ ಇದನ್ನೇ ಅಧಿಕೃತವಾಗಿ ‘ಮೊದಲ ಸುತ್ತು’ ಎಂದು ಕರೆದರು. ಹಾಗಾಗಿ ಉಳಿದ 60 ತಂಡಗಳು ಚೆಂಡನ್ನೇ ಮುಟ್ಟದೆ ‘ಎರಡನೇ ಸುತ್ತು’ ತಲುಪಿದ ಖ್ಯಾತಿಗೆ ಪಾತ್ರವಾದವು. 2016ರಲ್ಲಿ ಯಾರಿಗೋ ನಾಚಿಕೆಯಾಗಿ ಹೆಸರು ಬದಲಾಯಿತು.

ಈಗ ಕೋಚ್‌ಗಳಿಗೆ ಪಾಠ. ಮೊದಲು ಕಲಿಯಬೇಕಾದದ್ದು ‘ಕ್ವಾಡ್’, ಅಂದರೆ ಪಂದ್ಯಗಳ ನಾಲ್ಕು ದರ್ಜೆ. ಎಲ್ಲ ತಂಡಗಳಿಗೂ ‘ನೆಟ್’ ಎಂಬ ಶ್ರೇಯಾಂಕ ಇದೆ. ನಿಮ್ಮ ಅಂಗಳದ ಪಂದ್ಯವಾದರೆ ಎದುರಾಳಿ ಅದರಲ್ಲಿ ಮೊದಲ 30ರೊಳಗಿರಬೇಕು, ತಟಸ್ಥ ಅಂಗಳವಾದರೆ 50ರೊಳಗೆ, ಅವರದೇ ಅಂಗಳವಾದರೆ 75ರೊಳಗೆ. ಇಷ್ಟಿದ್ದರೆ ಅದು ಕ್ವಾಡ್ 1, ಚಿನ್ನ. ಮನೆಯಲ್ಲಿ 161ರ ಆಚೆಯವರನ್ನು ಕರೆದು ಬಡಿದರೆ ಅದು ಕ್ವಾಡ್ 4, ಮೂರು ಕಾಸಿನ ಬೆಲೆಯಿಲ್ಲ. ಅವರ ಕೈಲಿ ಸೋತರೆ ಮಾತ್ರ ಮಾರ್ಚ್‌ವರೆಗೂ ಮೈಲಿಗೆ.

ಚಂದ ಇರುವುದು ಇನ್ನು ಮುಂದೆ. ಎದುರಾಳಿಯ ಶ್ರೇಯಾಂಕ ಆಡಿದ ದಿನದ್ದಲ್ಲ, ಇವತ್ತಿನದ್ದು. ನವೆಂಬರ್‌ನಲ್ಲಿ ನಿಮ್ಮ ಅಂಗಳದಲ್ಲಿ ಒಂದು ತಂಡವನ್ನು ಸೋಲಿಸಿದಿರಿ ಅನ್ನಿ. ಫೆಬ್ರುವರಿ ಕೊನೆಗೆ ಅದು 29ನೇ ಸ್ಥಾನದಲ್ಲಿದೆ, ನಿಮ್ಮ ಬುತ್ತಿಯಲ್ಲಿ ಚಿನ್ನ ಇದೆ. ಒಂದು ಬುಧವಾರ ರಾತ್ರಿ ಆ ತಂಡ ಎಲ್ಲೋ ಮುಗ್ಗರಿಸಿ, ಬೆಳಿಗ್ಗೆ ಎದ್ದು ನೋಡಿದರೆ 31. ನೀವು ಮಲಗಿದ್ದಿರಿ, ನಿಮ್ಮ ಹುಡುಗರು ಮಲಗಿದ್ದರು, ಆದರೂ ಮೂರು ತಿಂಗಳ ಹಿಂದಿನ ಗೆಲುವು ರಾತ್ರೋರಾತ್ರಿ ಚಿನ್ನದಿಂದ ಹಿತ್ತಾಳೆಯಾಗಿದೆ. ಆದ್ದರಿಂದ ಗೆದ್ದ ಮರುದಿನದಿಂದಲೇ ಸೋತವರ ಹೆಸರಲ್ಲಿ ಅರ್ಚನೆ ಮಾಡಿಸಬೇಕು. ಅವರ ಸೆಂಟರ್ ಆಟಗಾರನ ಮೊಣಕಾಲು ನೆಟ್ಟಗಿರಲಿ ಎಂದು ಹರಕೆ ಹೊರಬೇಕು.

ಇನ್ನು ನೆಟ್. 1981ರಿಂದ ಆರ್‌ಪಿಐ ಎಂಬ ಶ್ರೇಯಾಂಕವಿತ್ತು. ಅದರಲ್ಲಿ ನಿಮ್ಮ ಗೆಲುವಿಗೆ ಕಾಲು ಪಾಲು, ಎದುರಾಳಿಗಳ ಗೆಲುವಿಗೆ ಅರ್ಧ, ಎದುರಾಳಿಗಳ ಎದುರಾಳಿಗಳ ಗೆಲುವಿಗೆ ಮತ್ತೆ ಕಾಲು. ಅಂದರೆ ಮುಕ್ಕಾಲು ಅಂಕ ನೀವು ಆಡದ ಪಂದ್ಯಗಳಿಗೆ. ಪರೀಕ್ಷೆ ಬರೆದವನು ಒಬ್ಬ, ಅಂಕ ಪಕ್ಕದ ಬೆಂಚಿನವರ ಮೇಲೆ. 2018ರಲ್ಲಿ ಅದನ್ನು ಬಿಟ್ಟು ನೆಟ್ ತಂದರು. ಪ್ರತಿ ನೂರು ಪೊಸೆಷನ್‌ಗೆ (ಚೆಂಡು ಕೈಗೆ ಸಿಕ್ಕ ಸರದಿಗೆ) ಎಷ್ಟು ಪಾಯಿಂಟ್ ಗಳಿಸಿದಿರಿ, ಎಷ್ಟು ಬಿಟ್ಟುಕೊಟ್ಟಿರಿ, ಎಲ್ಲಿ, ಯಾರೆದುರು ಎಂಬುದರ ಲೆಕ್ಕ ಇದರಲ್ಲಿದೆ. ಶುರುವಿನಲ್ಲಿ ಗೆಲುವಿನ ಅಂತರವನ್ನು ಹತ್ತಕ್ಕೆ ನಿಲ್ಲಿಸುವ ಒಂದು ಘಟಕವೂ ಇತ್ತು, 2020ರಲ್ಲಿ ಅದನ್ನು ಕಿತ್ತರು. ಪರಿಣಾಮ ಕಣ್ಣಿಗೆ ಕಾಣುತ್ತದೆ. ಬಡಪಾಯಿ ತಂಡವೊಂದರ ಮೇಲೆ 28 ಪಾಯಿಂಟ್ ಮುಂದಿದ್ದು ಎರಡೇ ನಿಮಿಷ ಉಳಿದಿದ್ದರೂ ಮುಖ್ಯ ಆಟಗಾರರು ಅಂಗಳದಲ್ಲೇ ಇರುತ್ತಾರೆ. ಬೆಂಚಿನ ಹುಡುಗರಿಗೆ ಅವಕಾಶ ಕೊಡುವ ದೊಡ್ಡ ಮನಸ್ಸಿಗೆ ನೆಟ್‌ನಲ್ಲಿ ಅಂಕವಿಲ್ಲ.

ಇಷ್ಟು ಕಲಿತ ಮೇಲೆ ಪರಮ ಪಾಠ: ಸೋಲುವುದು ಹೇಗೆ. 2025ರಲ್ಲಿ ನಾರ್ತ್ ಕೆರೊಲಿನಾ ಕ್ವಾಡ್ 1ರಲ್ಲಿ 13 ಪಂದ್ಯ ಆಡಿ 12 ಸೋತಿತ್ತು. ಗೆದ್ದದ್ದು ಯುಸಿಎಲ್‌ಎ ಮೇಲೆ ಒಂದೇ ಒಂದು. ಅದೇ ವರ್ಷ ವೆಸ್ಟ್ ವರ್ಜೀನಿಯಾ ಗೊಂಜಾಗಾ, ಅರಿಜೋನಾ, ಅಯೋವಾ ಸ್ಟೇಟ್‌ಗಳನ್ನು ಸೋಲಿಸಿ, ಕಾನ್ಸಸ್‌ಗೆ ಅವರ ಮನೆಯಲ್ಲೇ ಮಣ್ಣು ಮುಕ್ಕಿಸಿ ಬಂದಿತ್ತು. ಸಮಿತಿ ಕೂತಿತು, ಯೋಚಿಸಿತು, ನಾರ್ತ್ ಕೆರೊಲಿನಾವನ್ನು ಒಳಗೆ ಕರೆದು ವೆಸ್ಟ್ ವರ್ಜೀನಿಯಾಕ್ಕೆ ಬಾಗಿಲು ಹಾಕಿತು. ಸಮಿತಿಯ ಅಧ್ಯಕ್ಷರು ಆ ಸಲ ನಾರ್ತ್ ಕೆರೊಲಿನಾದ ಕ್ರೀಡಾ ನಿರ್ದೇಶಕರೇ ಆಗಿದ್ದ ಬಬ್ಬಾ ಕನಿಂಗ್‌ಹ್ಯಾಮ್. ತಪ್ಪು ತಿಳಿಯಬೇಡಿ. ಸ್ವಂತ ಕಾಲೇಜಿನ ಮಾತು ಬಂದಾಗ ಸದಸ್ಯರು ಎದ್ದು ಕೋಣೆಯ ಹೊರಗೆ ಹೋಗಬೇಕೆಂಬ ನಿಯಮವಿದೆ, ಅವರು ಆ ಚರ್ಚೆಯಲ್ಲಿ ಇರಲಿಲ್ಲ. ಈ ವಿಷಯದಲ್ಲಿ ಟಿವಿಯವರಿಗೆ ಉತ್ತರ ಕೊಟ್ಟದ್ದೂ ಉಪಾಧ್ಯಕ್ಷರು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಮದುವೆ ಮಾತುಕತೆ ನಡೆಯುವಾಗ ಹುಡುಗನ ಅಪ್ಪ ಜಗುಲಿಗೆ ಹೋಗಿ ಕೂತಷ್ಟೇ ಸರಿಯಾಗಿದೆ.

ಮರುದಿನ ವೆಸ್ಟ್ ವರ್ಜೀನಿಯಾದ ಗವರ್ನರ್ ಪ್ಯಾಟ್ರಿಕ್ ಮಾರಿಸಿ ಪತ್ರಿಕಾಗೋಷ್ಠಿ ಕರೆದರು. ಮುಂದಿನ ಫಲಕದಲ್ಲಿ ಎನ್‌ಸಿಎಎ ಹೆಸರಿನ ‘ಕಾಲೇಜಿಯೇಟ್’ ಜಾಗದಲ್ಲಿ ‘ಕರಪ್ಟ್’ ಎಂದು ಬರೆಸಿದ್ದರು. ಅಟಾರ್ನಿ ಜನರಲ್ ಕೈಲಿ ತನಿಖೆ ಮಾಡಿಸುತ್ತೇವೆ ಎಂದರು. ಗಣಿ, ರಸ್ತೆ, ಆಸ್ಪತ್ರೆ ಎಲ್ಲ ಒಂದು ದಿನ ಕಾಯಲಿ, ಮೊದಲು ಡೇಟನ್ ಟಿಕೆಟ್ ಎಲ್ಲಿ ಹೋಯಿತು ಎಂದು ಗೊತ್ತಾಗಬೇಕು! ಅವರನ್ನು ಪೂರ್ತಿ ನಗುವ ಹಾಗೂ ಇಲ್ಲ. ಟೂರ್ನಿಯಲ್ಲಿ ಆಡುವ ಪಂದ್ಯಕ್ಕೆ ಕಾನ್ಫರೆನ್ಸ್‌ಗೆ ಒಂದು ‘ಯೂನಿಟ್’, ಅಂದರೆ ಟೂರ್ನಿಯ ಹಣದಲ್ಲಿ ಒಂದು ಪಾಲು ಸಿಗುತ್ತದೆ. ಆರು ವರ್ಷಗಳಲ್ಲಿ ಅದರ ಬೆಲೆ ಸುಮಾರು 20 ಲಕ್ಷ ಡಾಲರ್. ಗುಳ್ಳೆ ಒಡೆದರೆ ಸದ್ದಾಗುವುದು ಗಲ್ಲಾಪೆಟ್ಟಿಗೆಯಲ್ಲಿ.

ನಾರ್ತ್ ಕೆರೊಲಿನಾ ಡೇಟನ್‌ಗೆ ಹೋಗಿ ಸ್ಯಾನ್ ಡಿಯಾಗೊ ಸ್ಟೇಟ್‌ಗೆ 95-68ರಿಂದ ಬಡಿಯಿತು. ‘ನೋಡಿ, ನಾವು ಹೇಳಲಿಲ್ಲವೇ’ ಎಂದು ಅರ್ಧ ದೇಶ ಎದೆ ತಟ್ಟಿಕೊಂಡಿತು. ಮುಂದಿನ ಪಂದ್ಯದಲ್ಲಿ ಓಲ್ ಮಿಸ್ ಎದುರು 71-64ಕ್ಕೆ ಸೋತಾಗ ‘ನೋಡಿ, ನಾವು ಹೇಳಲಿಲ್ಲವೇ’ ಎಂದು ಉಳಿದರ್ಧ ತಟ್ಟಿಕೊಂಡಿತು.

ಸೋಲುವುದಕ್ಕೂ ಯೋಗ್ಯತೆ ಬೇಕು ಎಂಬುದು ಚಿಕ್ಕ ಕಾನ್ಫರೆನ್ಸ್‌ಗಳವರಿಗೆ ಗೊತ್ತು. 2024ರಲ್ಲಿ ಇಂಡಿಯಾನಾ ಸ್ಟೇಟ್ 28 ಗೆದ್ದು 6 ಸೋತಿತ್ತು, ನೆಟ್‌ನಲ್ಲಿ ಮೊದಲ 30ರೊಳಗಿತ್ತು. ಮಿಸೌರಿ ವ್ಯಾಲಿ ಎಂಬ ತನ್ನ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಡ್ರೇಕ್‌ಗೆ ನಾಲ್ಕು ಪಾಯಿಂಟ್‌ನಿಂದ ಸೋತದ್ದೇ ತಪ್ಪಾಯಿತು, ಮನೆಗೆ ಕಳಿಸಿದರು. ಇಂಥ ತಂಡಕ್ಕೆ ಎಸೆಯುವ ಪ್ರಶ್ನೆ ಒಂದೇ: ‘ನೀವು ಯಾರನ್ನು ಸೋಲಿಸಿದ್ದೀರಿ?’ ಯಾರನ್ನು ಸೋಲಿಸುತ್ತಾರೆ ಪಾಪ? ದೊಡ್ಡ ಕಾಲೇಜು ಇವರ ಊರಿಗೆ ಕಾಲಿಡುವುದಿಲ್ಲ. ಸೋತರೆ ಮರ್ಯಾದೆ ಹೋಗುತ್ತದೆ, ಗೆದ್ದರೆ ಹೇಳಿಕೊಳ್ಳುವಂಥದ್ದೇನೂ ಸಿಗುವುದಿಲ್ಲ. ಅದರ ಬದಲು ದುಡ್ಡು ಕೊಟ್ಟು ಇನ್ನೂ ಚಿಕ್ಕ ತಂಡವನ್ನು ತನ್ನ ಮನೆಗೆ ಕರೆಸಿ, ಹೊಡೆದು, ಊಟ ಹಾಕಿ ಕಳಿಸುತ್ತದೆ. ಇದಕ್ಕೆ ‘ಬೈ ಗೇಮ್’ ಎಂದು ಹೆಸರು. ದೊಡ್ಡ ಕಾನ್ಫರೆನ್ಸ್ ಒಳಗೋ, ವಾರಕ್ಕೆರಡು ಕ್ವಾಡ್ 1 ಪಂದ್ಯ ಕಾಲಿಗೆ ತೊಡರುತ್ತವೆ. ಹತ್ತು ಸೋತು ಎರಡು ಗೆದ್ದರೂ ಅದು ಕಠಿಣ ವೇಳಾಪಟ್ಟಿ ಎದುರಿಸಿದ ಅನುಭವ. 2025ರಲ್ಲಿ ಎಸ್‌ಇಸಿ ಎಂಬ ದೊಡ್ಡ ಕಾನ್ಫರೆನ್ಸ್‌ನ 16 ತಂಡಗಳಲ್ಲಿ 14ಕ್ಕೆ ಜಾಗ ಸಿಕ್ಕಿತು. ಕಾನ್ಫರೆನ್ಸ್ ಪಂದ್ಯಗಳಲ್ಲಿ 6 ಗೆದ್ದು 12 ಸೋತಿದ್ದ ಟೆಕ್ಸಾಸ್ ಕೂಡ ಅದರಲ್ಲಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇಲ್ಲಿ ಕುಣಿಯುವವರಿದ್ದಾರೆ, ನೆಲವೇ ನಿಜಕ್ಕೂ ಡೊಂಕು.

ಇದೆಲ್ಲ ಲೆಕ್ಕ ಸರಿಹೋದರೂ ‘ಬಿಡ್ ಕಳ್ಳರ’, ಅಂದರೆ ಟೂರ್ನಿಯ ಕರೆಯೋಲೆ ಕದಿಯುವವರ ಕಾಟ ತಪ್ಪಿದ್ದಲ್ಲ. ಬರಲಾರದೆಂದುಕೊಂಡ ತಂಡ ಕಾನ್ಫರೆನ್ಸ್ ಟೂರ್ನಿ ಗೆದ್ದುಬಿಟ್ಟರೆ ಕೊನೇ ಎಲೆಯೊಂದು ಮಾಯ. 2024ರಲ್ಲಿ 17 ಗೆದ್ದು 14 ಸೋತಿದ್ದ ನಾರ್ತ್ ಕೆರೊಲಿನಾ ಸ್ಟೇಟ್ ಐದು ದಿನದಲ್ಲಿ ಐದು ಪಂದ್ಯ ಗೆದ್ದು ತನ್ನ ಕಾನ್ಫರೆನ್ಸ್ ಎಸಿಸಿಯ ಕಿರೀಟ ಎತ್ತಿತು, ಆಮೇಲೆ ಫೈನಲ್ ಫೋರ್, ಅಂದರೆ ಟೂರ್ನಿಯ ಸೆಮಿಫೈನಲ್‌ವರೆಗೂ ನಡೆಯಿತು. ಅಂಗಳದಲ್ಲಿ ಆಡಿ ಗೆದ್ದವರನ್ನು ಕಳ್ಳರೆಂದು, ಕೋಣೆಯಲ್ಲಿ ಆಯ್ಕೆಯಾದವರನ್ನು ಅರ್ಹರೆಂದು ಕರೆಯುವ ಭಾಷೆ ಇದು. 2011ರಲ್ಲಿ ಟೂರ್ನಿಯ ಪಟ್ಟಿಯಲ್ಲಿ ವಿಸಿಯು ಎಂಬ ತಂಡದ ಹೆಸರು ಬಂದಾಗ ಟಿವಿ ಪಂಡಿತರು ಸಮಿತಿಗೆ ಬಾಯಿಗೆ ಬಂದದ್ದು ಅಂದರು. ಆ ತಂಡ ಡೇಟನ್‌ನಲ್ಲಿ ಶುರುಮಾಡಿ, ಕಾನ್ಸಸ್ಸನ್ನೂ ಉರುಳಿಸಿ, ಐದು ಗೆದ್ದು ಫೈನಲ್ ಫೋರ್ ಸೇರಿತು. ಪಂಡಿತರು ಮರುವರ್ಷವೂ ಅದೇ ಕುರ್ಚಿಯಲ್ಲಿ ಕೂತು, ಅದೇ ಗತ್ತಿನಲ್ಲಿ, ಇನ್ನೊಂದು ತಂಡ ಯಾಕೆ ಅನರ್ಹ ಎಂದು ವಿವರಿಸಿದರು. ಅವರಿಗೆ ಮಾತ್ರ ಕ್ವಾಡ್ ಇಲ್ಲ.

ಹಾಗಾದರೆ ಕೋಚ್‌ಗಳು ಏನು ಮಾಡಬೇಕು? 2015ರ ದಾಖಲೆ ತೆಗೆದು ನೋಡಿ. ಆ ವರ್ಷ ಸಮಿತಿ ಆರಿಸಿದ ಕಟ್ಟಕಡೆಯ ತಂಡ ಡೇಟನ್. ಫಸ್ಟ್ ಫೋರ್ ನಡೆಯುವುದು ಡೇಟನ್‌ನಲ್ಲಿ. ತವರು ಅಂಗಳದಲ್ಲಿ ಆಡುವಂತಿಲ್ಲ ಎಂಬ ಟೂರ್ನಿಯ ನಿಯಮ ಫಸ್ಟ್ ಫೋರ್‌ಗೆ ಅನ್ವಯಿಸುವುದಿಲ್ಲ ಎಂದಾಯಿತು. ಆ ತಂಡ ತನ್ನ ಮನೆಯಲ್ಲೇ, ತನ್ನ ಜನರ ಕೂಗಿನ ನಡುವೆ ಆಡಿತು. ದೂರದ ಐಡಹೋ ರಾಜ್ಯದಿಂದ ಹಾರಿಬಂದ ಬಾಯ್ಸಿ ಸ್ಟೇಟ್ 56-55ಕ್ಕೆ, ಒಂದೇ ಪಾಯಿಂಟ್‌ನಿಂದ ಸೋತು ಮನೆಗೆ ಹೋಯಿತು. ನೆಟ್, ಕ್ವಾಡ್, ಅರ್ಚನೆ, ಹರಕೆ ಯಾವುದೂ ಬೇಡ. ಡೇಟನ್‌ನಲ್ಲಿ ಒಂದು ಸೈಟು ನೋಡಿ, ಕಾಲೇಜು ಕಟ್ಟಿ.